ಉರಿ ಆರಿದ ಕಾಲು

ನನ್ನ ಗಂಡನ ಕಾಲಿನಿಂದ ಚಪ್ಪಲಿ ಬಿಡಿಸಿದವಳು ನಾನೇ. ಬೇರೆ ಯಾರ ಮೇಲೂ ಗೂಬೆ ಕೂರಿಸುವುದಿಲ್ಲ. ನಮ್ಮೂರು ಶಿರಗುಪ್ಪಿಯಲ್ಲಿ ಕೆಲವರು ಡಾಕ್ಟರರದು ತಪ್ಪು ಎನ್ನುತ್ತಾರೆ, ಕೆಲವರು ಜೈನ ಮುನಿ ಮಹಾರಾಜರದು ಎನ್ನುತ್ತಾರೆ. ಊರ ಬಾಯಿಗೆ ಬೀಗ ಹಾಕುವುದು ನನ್ನಿಂದಾಗದು. ಆದರೆ ನಡೆದದ್ದು ನನಗೆ ಗೊತ್ತಿದೆ.

ಅವರ ಹೆಸರು ಕಾಕಾಸಾಹೇಬ. ಕಬ್ಬಿನ ಹೊಲದಲ್ಲಿ ದುಡಿದ ಗಟ್ಟಿ ಆಳು. ಸಕ್ಕರೆ ಕಾಯಿಲೆ ಬಂದು ಹನ್ನೆರಡು ವರ್ಷ. "ಮಂದಿ ಕಬ್ಬು ಕಾರ್ಖಾನಿಗೆ ಕಳಸ್ತಾರ, ನಾ ಮೈಯಾಗ ಕಾರ್ಖಾನಿ ಇಟ್ಕೊಂಡೇನಿ" ಎಂದು ನಗುತ್ತಿದ್ದರು. ಮೂರು ವರ್ಷದ ಹಿಂದೆ ಅಂಗಾಲಲ್ಲಿ ಉರಿ ಶುರುವಾಯಿತು, ಆ ನಗೆ ಹೋಯಿತು. ಖಾರಪುಡಿ ತಿಕ್ಕಿದ ಹಾಗೆ ಎನ್ನುತ್ತಿದ್ದರು. ಹೊದಿಕೆಯ ಅಂಚು ತಾಗಿದರೂ ಚೀರುತ್ತಿದ್ದರು. ಹಾಸಿಗೆ ಬಿಟ್ಟು ಎದ್ದು ಹೋಗಿ ತಣ್ಣನೆಯ ಫರಸಿಕಲ್ಲಿನ ನೆಲದ ಮೇಲೆ ಕಾಲೂರಿ ನಿಲ್ಲುತ್ತಿದ್ದರು. ಅರವತ್ತೈದರ ಗಂಡಸು ಗೋಡೆಗೆ ಹಣೆ ಹಚ್ಚಿ ಅಳುವುದನ್ನು ನೋಡಿದ್ದೀರಾ? ನಾನು ನೋಡಿದ್ದೇನೆ, ಒಂದಲ್ಲ ಎರಡಲ್ಲ, ಎಷ್ಟೋ ರಾತ್ರಿ.

ಬಂದವರೆಲ್ಲ ವೈದ್ಯರೇ. ಒಬ್ಬರು ಮೆಹಂದಿ ಹಚ್ಚಿ ಎಂದರು, ಒಬ್ಬರು ಲೋಳಸರ ಎಂದರು, ಇನ್ನೊಬ್ಬರು ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಎಂದರು. ಎಲ್ಲ ಮಾಡಿದೆ. ಸೊಸೆ ಸ್ನೇಹಲ ದವಾಖಾನೆಯಲ್ಲಿ ನರ್ಸು. ಅವಳು ಡಾಕ್ಟರರ ಹತ್ತಿರ ಕರೆದೊಯ್ದು ನರದ ಗುಳಿಗೆ ಬರೆಸಿಕೊಂಡು ಬಂದಳು, ಮೆತ್ತನೆಯ ಎರಡು ಜೋಡಿ ಚಪ್ಪಲಿಯನ್ನೂ ತಂದಳು. ಒಂದು ಹೊರಗೆ, ಒಂದು ಮನೆಯೊಳಗೆ.

"ಮನ್ಯಾಗೂ ಬರಿಗಾಲಾಗ ಅಡ್ಡಾಡಬಾರದಂತ್ರಿ ಅತ್ತಿ. ದಿನಾ ಅಂಗಾಲು ನೋಡಬೇಕಂತ. ಸಕ್ಕರಿ ಹತೋಟಿಗೆ ಬಂದ್ರ ಉರಿ ಸಾವಕಾಶ ಕಡಿಮಿ ಆಗ್ತೈತಿ."

ನನಗೆ ಮೈ ಉರಿಯಿತು. ಮುನಿ ಮಹಾರಾಜರಿಗೆ ಆಹಾರ ಕೊಡುವ ಮನೆ ನಮ್ಮದು. ಮಡಿಯಲ್ಲಿ ಅಡಿಗೆ ಮಾಡುವ ಮನೆಯೊಳಗೆ ಚಪ್ಪಲಿಯೇ? "ಇದೇನು ಬಸ್ ಸ್ಟ್ಯಾಂಡೇನವಾ? ಧರ್ಮ ಅನ್ನೂದು ಐತೋ ಇಲ್ಲೋ?" ಎಂದೆ. ಸ್ನೇಹಲ ಒಳಗಿನ ಜೋಡಿಯನ್ನೂ ಹೊಸ್ತಿಲಾಚೆ ಇಟ್ಟಳು. ಗುಳಿಗೆಯಿಂದ ತಲೆ ತಿರುಗುತ್ತದೆ ಎಂದು ಇವರು ಹದಿನೈದೇ ದಿನಕ್ಕೆ ಬಿಟ್ಟರು. ಬಿಟ್ಟದ್ದನ್ನು ನಾನು ಯಾರಿಗೂ ಹೇಳಲಿಲ್ಲ.

ಆ ವರ್ಷ ನಮ್ಮೂರ ಬಸದಿಯಲ್ಲಿ ಮಹಾರಾಜರ ಚಾತುರ್ಮಾಸ. ಮಳೆಗಾಲದ ನಾಲ್ಕು ತಿಂಗಳು ಅವರು ಒಂದೇ ಊರಲ್ಲಿ ನಿಲ್ಲುತ್ತಾರೆ, ಆಮೇಲೆ ಬರಿಗಾಲಲ್ಲೇ ಮುಂದಿನ ಊರಿಗೆ ವಿಹಾರ ಹೊರಡುತ್ತಾರೆ. ನಮ್ಮಂಥ ಶ್ರಾವಕರು ಅವರ ಮುಂದೆ ಏನಾದರೂ ಒಂದು ನಿಯಮ ತೆಗೆದುಕೊಳ್ಳುವುದು ವಾಡಿಕೆ. ಯಾರೋ ಸಿಹಿ ಬಿಡುತ್ತಾರೆ, ಯಾರೋ ಚಹಾ ಬಿಡುತ್ತಾರೆ. ನಾನು ಇವರಿಗೆ ಗಂಟು ಬಿದ್ದೆ. ನಾಲ್ಕು ತಿಂಗಳು ಚಪ್ಪಲಿ ಬಿಡಿ, ಮುಗಿದ ಮೇಲೆ ಮಹಾರಾಜರ ಜೊತೆ ಬೋರಗಾಂವದ ತನಕ ನಡೆಯೋಣ, ಈ ಉರಿ ಅದೆಲ್ಲಿ ಉಳಿಯುತ್ತದೋ ನೋಡೋಣ ಎಂದೆ. ಇವರಿಗೂ ಸಾಕಾಗಿತ್ತು, ಒಪ್ಪಿದರು.

ಮಹಾರಾಜರು ಹಾಗೆ ಸುಮ್ಮನೆ ನಿಯಮ ಕೊಡಲಿಲ್ಲ. ಇವರ ಕಾಲನ್ನೇ ನೋಡುತ್ತ ಕೇಳಿದರು: "ಕಾಲಿನ ಬ್ಯಾನಿ ಇದ್ದವ್ರು ನೀವು. ಡಾಕ್ಟರು ಏನಂದಾರ?"

ಇವರು ಬಾಯಿ ತೆರೆಯುವ ಮೊದಲೇ ನಾನು ಕೈ ಮುಗಿದೆ. "ನಡದಷ್ಟೂ ಛಲೋ ಅಂದಾರ್ರಿ ಮಹಾರಾಜ."

ಡಾಕ್ಟರು ಹೇಳಿದ್ದು ನಿಜ. ನಡೆಯಿರಿ, ಆದರೆ ಚಪ್ಪಲಿ ಇಲ್ಲದೆ ಒಂದು ಹೆಜ್ಜೆಯೂ ಇಡಬೇಡಿ ಎಂದಿದ್ದರು. ಅರ್ಧ ಹೇಳಿದೆ, ಅರ್ಧ ನುಂಗಿದೆ. ಸತ್ಯವನ್ನೇ ವ್ರತ ಮಾಡಿಕೊಂಡವರ ಮುಂದೆ ಕೂತು ನುಂಗಿದೆ. ಮಹಾರಾಜರು ನವಿಲುಗರಿಯ ಪಿಂಛಿ ಎತ್ತಿ ಆಶೀರ್ವಾದ ಮಾಡಿದರು.

ಎರಡು ತಿಂಗಳಾಗುವಷ್ಟರಲ್ಲಿ ಉರಿ ಇಳಿಯಿತು. ದೇವರಾಣೆ, ಇಳಿಯಿತು! ಇವರು ಬೆಳಗಿನ ತನಕ ಗೊರಕೆ ಹೊಡೆದು ಮಲಗಿದ ದಿನ ನಾನು ಪಕ್ಕದಲ್ಲಿ ಕೂತು ಖುಷಿಯಿಂದ ಅತ್ತೆ. ಓಣಿಯ ಹೆಂಗಸರಿಗೆಲ್ಲ ಹೇಳಿಕೊಂಡು ಬಂದೆ. ಗುಳಿಗೆ ಇಲ್ಲ, ಮುಲಾಮು ಇಲ್ಲ, ನಿಯಮ ನೋಡ್ರಿ ನಿಯಮ! ಸಂಜೆ ಸ್ನೇಹಲ ಬಂದಾಗ ಅವಳ ಮುಂದೆ ಬೇಕಂತಲೇ ಇನ್ನೊಮ್ಮೆ ಹೇಳಿದೆ.

ಅವಳು ಮಾವನ ಕಾಲನ್ನೇ ನೋಡಿದಳು. ಮುಖದಲ್ಲಿ ಒಂದಿಷ್ಟೂ ನಗೆ ಇಲ್ಲ. "ಅತ್ತಿ, ಉರಿ ಆರೂದು ಬ್ಯಾರೆ, ನರ ಸಾಯೂದು ಬ್ಯಾರೆ. ಒಮ್ಮೆ ತೋರ್ಸೂಣ್ರಿ."

"ನಿನ್ನ ಬಾಯಾಗ ಒಳ್ಳೆ ಮಾತು ಬರೂದಿಲ್ಲೇನ? ಮನಷ್ಯಾ ಎರಡು ವರ್ಷದಾಗ ಒಮ್ಮೆ ಕಣ್ತುಂಬ ಮಲಗ್ಯಾನ, ಅದೂ ನಿನಗ ಸೇರವಲ್ದು!" ಎಂದು ಹಾರಾಡಿದೆ. ಇವರೂ ನನ್ನ ಜೊತೆ ಸೇರಿ ನಕ್ಕರು.

ಅದಾಗಿ ವಾರವಿರಬೇಕು. ಇವರು ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಪೇಪರು ಓದುತ್ತಿದ್ದರು. ಕಸ ಗುಡಿಸುತ್ತ ಹೋದವಳಿಗೆ ಬಾಗಿಲಿನಿಂದ ಒಂದು ಇರುವೆ ಸಾಲು ಕಂಡಿತು. ಎಲ್ಲಿಗೆ ಹೊರಟಿವೆ ಇವು ಎಂದು ನೋಡಿದರೆ ಇವರ ಎಡಗಾಲಿಗೆ. ಕಿರುಬೆರಳ ಸಂದಿಯಲ್ಲಿ ಸಣ್ಣದೊಂದು ಗಾಯ, ಅದರೊಳಗೆ ಕೆಂಪಿರುವೆ ಮುತ್ತಿಕೊಂಡಿದ್ದವು. ಒಂದು ಇರುವೆ ಕಚ್ಚಿದರೆ ಹೌಹಾರಿ ಏಳಬೇಕು. ಇವರು ಹಾಳೆ ತಿರುವಿದರು. "ಈ ಸಲ ಕಬ್ಬಿನ ಸುಗ್ಗಿ ಲಗೂನ ಶುರು ಆಗ್ತೈತಂತ ನೋಡು" ಎಂದರು.

ಸ್ನೇಹಲ ಅಂದ ಮಾತು ನೆನಪಾಯಿತು. ಆದರೂ ಏನು ಮಾಡಿದೆ ಗೊತ್ತೇ? ಪೊರಕೆಯಿಂದ ಇರುವೆ ಝಾಡಿಸಿದೆ, ಗಾಯಕ್ಕೆ ಅರಿಷಿಣ ಮೆತ್ತಿದೆ. ಸ್ನೇಹಲ ಬರುವ ಹೊತ್ತಿಗೆ ನೆಲ ಒರೆಸಿ ಮುಗಿಸಿದ್ದೆ. ಸೊಸೆಯ ಮುಂದೆ ಸೋಲಬಾರದು ಎಂಬ ಹಟ. ಅಂದಿನಿಂದ ಮಾತ್ರ ಊಟ ಮಾಡುವಾಗ, ಸಾಮಾಯಿಕದ ಧ್ಯಾನಕ್ಕೆ ಕೂತಾಗ, ನನ್ನ ಕಣ್ಣು ಅವರ ಕಾಲಿಗೇ ಹೋಗುತ್ತಿತ್ತು.

ದೀಪಾವಳಿ ಮುಗಿದು ವಿಹಾರ ಹೊರಟಿತು. ಮುಂದೆ ಮಹಾರಾಜರು, ಹಿಂದೆ ಗಂಡಸರು, ಅವರ ಹಿಂದೆ ನಾವು ಹೆಂಗಸರು. ಇಷ್ಟು ಹುರುಪಾಗಿ ಇವರನ್ನು ನಾನು ವರ್ಷಗಳಿಂದ ಕಂಡಿರಲಿಲ್ಲ. ಜಯಘೋಷದಲ್ಲಿ ಎಲ್ಲರಿಗಿಂತ ಇವರದೇ ದೊಡ್ಡ ದನಿ. ರಸ್ತೆಯ ತುಂಬ ಟ್ರ್ಯಾಕ್ಟರಿನಿಂದ ಬಿದ್ದ ಕಬ್ಬಿನ ತುಂಡು, ಜಲ್ಲಿ ಖಡಿ, ಒಡೆದ ಬಾಟಲಿಯ ಚೂರು. ನಾವೆಲ್ಲ ನೋಡಿ ನೋಡಿ ಹೆಜ್ಜೆ ಇಡುತ್ತಿದ್ದೆವು. ಇವರು ನೆಲ ನೋಡುತ್ತಲೇ ಇರಲಿಲ್ಲ.

ಎರಡನೆಯ ದಿನ ಮುಂಜಾನೆ, ಬಿಸಿಲು ಏರುವ ಹೊತ್ತು. ನನ್ನ ಪಕ್ಕದಲ್ಲಿದ್ದ ಗೌರಾಬಾಯಿ ನಿಂತುಬಿಟ್ಟಳು. "ಅಯ್ಯ, ಯಾರ್ದೋ ಕಾಲು ಒಡದೈತಿ ನೋಡ ಲಕ್ಷ್ಮಿಬಾಯಿ."

ಡಾಂಬರಿನ ಮೇಲೆ ಒಂದು ನೆತ್ತರ ಕಲೆ. ಒಂದು ಹೆಜ್ಜೆ ಬಿಟ್ಟು ಇನ್ನೊಂದು. ಎಲ್ಲವೂ ಎಡಗಾಲಿನವು. ಒದ್ದೆಯಾಗಿದ್ದವು, ನೊಣ ಕೂತಿದ್ದವು. ನನಗೆ ತಲೆ ಎತ್ತುವುದು ಬೇಡವಾಗಿತ್ತು. ಕಲೆಗಳ ಬೆನ್ನು ಹತ್ತಿ ಕಣ್ಣು ತಾನೇ ಮುಂದೆ ಹೋಯಿತು. ಗಂಡಸರ ಗುಂಪಿನ ನಡುವೆ, ಕೈ ಎತ್ತಿ ಜಯಕಾರ ಹಾಕುತ್ತಿದ್ದವರ ಹಿಮ್ಮಡಿಗೆ ಬಂದು ನಿಂತಿತು.

ಓಡಿ ಹೋಗಿ ತೋಳು ಹಿಡಿದೆ. "ಕುಂಡ್ರಿ, ಕುಂಡ್ರಿ ಅಂದೇನಿ!"

"ಏನಾತ ನಿನಗ? ಮಂದಿ ನೋಡಾಕತ್ತಾರ."

ಕೂರಿಸಿ ಕಾಲು ಎತ್ತಿದೆ. ಬಾಟಲಿಯ ಚೂರು ಅಂಗಾಲಲ್ಲಿ ಅರ್ಧ ಬೆರಳಷ್ಟು ಹೊಕ್ಕಿತ್ತು. ಹಳೆಯ ಗಾಯ ಕಿರುಬೆರಳಿನಿಂದ ಪಾದದ ನಡುವಿನ ತನಕ ಕಪ್ಪಾಗಿತ್ತು, ವಾಸನೆ ಹೊಡೆಯುತ್ತಿತ್ತು. ಮೇಲಿಂದ ಮೇಲೆ ಮೆತ್ತಿದ ಅರಿಷಿಣದ ಕೆಳಗೆ ಅದು ಬೆಳೆದದ್ದು ನನಗೆ ತಿಳಿದೇ ಇರಲಿಲ್ಲ. ನಾನು ಚೂರು ಕಿತ್ತೆ. ಇವರು ನನ್ನ ಮುಖ ನೋಡಿ ನಗುತ್ತಿದ್ದರು. "ಹುಚ್ಚೀ, ಯಾಕ ಅಳ್ತಿ? ನನಗೇನೂ ಆಗಿಲ್ಲಲ್ಲ."

ಮಿರಜಿನ ದೊಡ್ಡ ದವಾಖಾನೆಯಲ್ಲಿ ಎಡಗಾಲನ್ನು ಮೊಳಕಾಲಿನ ಕೆಳಗೆ ತೆಗೆದರು. ಸ್ನೇಹಲ ಹಗಲೆಲ್ಲ ನನ್ನ ಪಕ್ಕದಲ್ಲೇ ಕೂತಳು, ನಾನು ಮೊದಲೇ ಹೇಳಿರಲಿಲ್ಲವೇ ಎಂದು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಜಗಳವಾಡಿಯಾದರೂ ಹಗುರಾಗುತ್ತಿದ್ದೆ. ಮನೆಗೆ ಕಳಿಸುವ ದಿನ ಡಾಕ್ಟರು ಇವರ ಕಣ್ಣು ಮುಚ್ಚಿಸಿ, ಉಳಿದ ಬಲಗಾಲಿಗೆ ಸಣ್ಣ ದಾರದಂಥದ್ದನ್ನು ಹತ್ತು ಕಡೆ ಮುಟ್ಟಿಸಿದರು. ತಿಳಿದಾಗ ಹೂಂ ಅನ್ನಿ ಎಂದರು. ಇವರು ಎರಡೇ ಸಲ ಹೂಂ ಎಂದರು.

"ಈ ಕಾಲರೆ ಉಳಸ್ಕೊಳ್ರಿ ಅಜ್ಜಿ" ಎಂದರು ಡಾಕ್ಟರು. "ನೋವು ಗೊತ್ತಾಗ್ತಿರೋತನಕ ಕಾಲು ನಮ್ಮದು."

ಈಗ ನಮ್ಮ ಅಡಿಗೆಮನೆಯಲ್ಲೂ ಚಪ್ಪಲಿಯ ಸಪ್ಪಳ ಕೇಳುತ್ತದೆ. ಗುಳಿಗೆ, ಸೂಜಿ ಎಲ್ಲ ಹೊತ್ತಿಗೆ ಸರಿಯಾಗಿ. ಮಹಾರಾಜರ ದರ್ಶನಕ್ಕೆ ಹೋಗಿ ಅಂದು ನುಂಗಿದ ಅರ್ಧ ಮಾತು ಹೇಳಿ ಬಂದೆ. ನನ್ನ ಬೇಡಿಕೆಯೂ ಈಗ ತಿರುಗಿದೆ. ದಿನಾ ಬಸದಿಯಲ್ಲಿ ನಿಂತು, ಆ ಬಲಗಾಲು ಉರಿಯಲಿ, ಅವರು ಮೊದಲಿನ ಹಾಗೆ ಚೀರಲಿ ಎಂದು ಬೇಡುತ್ತೇನೆ. ಯಾವ ಹೆಂಡತಿ ಹೀಗೆ ಬೇಡಿದ್ದಾಳೆ ಹೇಳಿ!

ಬೆಳಿಗ್ಗೆ ಸ್ನಾನವಾದ ಮೇಲೆ, ಡಾಕ್ಟರು ಮಾಡಿದ ಹಾಗೆ, ಟವೆಲಿನಿಂದ ಅವರ ಕಣ್ಣು ಕಟ್ಟಿ, ಪೊರಕೆಯ ಕಡ್ಡಿ ಹಿಡಿದು ಅವರ ಕಾಲ ಬಳಿ ಕೂರುತ್ತೇನೆ. ಇವತ್ತು ಕಣ್ಣೀರು ಒರೆಸಿಕೊಳ್ಳಲೆಂದು ಒಂದು ಗಳಿಗೆ ತಡೆದೆ. ನಾನು ಮೂಗೆಳೆದದ್ದು ಇವರಿಗೆ ಕೇಳಿಸಿರಬೇಕು.

"ಹಾ! ನೋಯ್ತ ನೋಡ ಲಕ್ಷ್ಮಿ, ಛಲೋತ್ನಂಗ ನೋಯ್ತು" ಎಂದರು.

ನಾನಿನ್ನೂ ಮುಟ್ಟಿರಲಿಲ್ಲ.