ರೋಸಕ್ಕನಿರುವ ಊರಿಗೆ

ಸಿಸ್ಟರ್ ಮಾರ್ಥಾ ಫೋನ್ ಮಾಡಿದಾಗ ಜೆಫ್ರಿ ಮಸ್ಕತ್ತಿನ ವಾದಿ ಕಬೀರಿನ ಗೋದಾಮಿನಲ್ಲಿ ಎ.ಸಿ. ಕಂಪ್ರೆಸರುಗಳನ್ನು ಲಾರಿಯಿಂದ ಇಳಿಸಿಕೊಳ್ಳುತ್ತಿದ್ದ. ಸ್ವಿಟ್ಜರ್ಲೆಂಡಿನ ನಂಬರು ಕಂಡೊಡನೆ ಅವನು ಕೈಯಲ್ಲಿದ್ದ ಪೆಟ್ಟಿಗೆಯನ್ನು ಕೆಳಗಿಟ್ಟ. ಕ್ರಿಸ್ಮಸ್ ದಿನ ಬಿಟ್ಟರೆ ಆ ನಂಬರಿನಿಂದ ಫೋನು ಬರುತ್ತಿರಲಿಲ್ಲ.

"ನಿಮ್ಮ ಅಕ್ಕ ಇದ್ದಾರೆ, ಗಾಬರಿಯಾಗಬೇಡಿ," ಎಂದೇ ಸಿಸ್ಟರ್ ಮಾತು ತೆಗೆದರು. ಆಮೇಲೆ ತಡೆದು ತಡೆದು ಆಡುವ ತಮ್ಮ ಇಂಗ್ಲಿಷಿನಲ್ಲಿ ವಿಷಯ ಹೇಳಿದರು. ರೋಸ್‌ಗೆ ಮರೆವಿನ ಕಾಯಿಲೆ ಹೆಚ್ಚಾಗಿದೆ. ಮೊದಲು ಜನರ ಹೆಸರು ಹೋಯಿತು, ಆಮೇಲೆ ಜರ್ಮನ್, ಈ ಚಳಿಗಾಲದಲ್ಲಿ ಇಂಗ್ಲಿಷೂ ಹೋಯಿತು. ಈಗ ಮಾತಾಡುವುದು ತಮ್ಮ ಮನೆಮಾತು ಕೊಂಕಣಿ ಒಂದನ್ನೇ. ಕಾನ್ವೆಂಟಿನಲ್ಲಿ ಅದು ಯಾರಿಗೂ ಬರುವುದಿಲ್ಲ. ಫೋನು ಕಿವಿಗೆ ಹಿಡಿದರೆ ಹೆದರಿ ದೂಡಿಬಿಡುತ್ತಾರೆ.

"ನೀವು ಒಮ್ಮೆ ಬರಲಿಕ್ಕಾಗುತ್ತದೆಯೇ? ಅವರ ಮಾತು ಕೇಳುವವರು ಯಾರಾದರೂ ಬೇಕು."

"ಬರುತ್ತೇನೆ ಸಿಸ್ಟರ್," ಎಂದ ಜೆಫ್ರಿ. ಅದಕ್ಕೆ ಅವನು ಯೋಚಿಸಬೇಕಾಗಿರಲಿಲ್ಲ.

ಕಿನ್ನಿಗೋಳಿಯ ಮನೆಯಲ್ಲಿ ರೋಸ್ ದೊಡ್ಡವಳು, ಜೆಫ್ರಿ ಕೊನೆಯವನು. ಅವನನ್ನು ಹೆತ್ತ ಮೇಲೆ ಅಮ್ಮ ಹಾಸಿಗೆ ಹಿಡಿದಿದ್ದರಿಂದ ಅವನನ್ನು ಸೊಂಟದಲ್ಲಿ ಹೊತ್ತು ಬೆಳೆಸಿದವಳು ರೋಸಕ್ಕನೇ. ಅವನು ಶಾಲೆಗೆ ಸೇರಿದ ವರ್ಷ ಅವಳು ಸನ್ಯಾಸಿನಿಯಾಗಲು ಹೊರಟು, ಆಲ್ಪ್ಸ್ ಬೆಟ್ಟದ ವಾಲ್‌ದುರಾ ಎಂಬ ಹಳ್ಳಿಯ ಕಾನ್ವೆಂಟ್ ಸೇರಿದಳು. ಅಲ್ಲಿನ ವೃದ್ಧಾಶ್ರಮದ ಅಡುಗೆಮನೆಯಲ್ಲೇ ಅವಳ ಆಯುಷ್ಯ ಕಳೆಯಿತು. ಊರಿಗೆ ಬಂದದ್ದು ಅಮ್ಮ ತೀರಿಕೊಂಡಾಗ ಮತ್ತು ಜೆಫ್ರಿಯ ಮದುವೆಗೆ ಮಾತ್ರ.

ಆ ಸಂಜೆ ಹಮ್ರಿಯಾದ ಫ್ಲಾಟಿನಲ್ಲಿ ಜೆಫ್ರಿ ಮತ್ತು ಅವನ ಹೆಂಡತಿ ಕ್ಯಾರೋಲಿನ್ ಸೋಫಾದಲ್ಲಿ ಒತ್ತಿ ಕೂತು ದಾರಿ ಹುಡುಕಿದರು. ಮಸ್ಕತ್ತಿನಿಂದ ಝೂರಿಕ್‌ಗೆ ವಿಮಾನ. ಏರ್‌ಪೋರ್ಟಿನ ಕೆಳಗೇ ರೈಲು ಸ್ಟೇಷನ್. ಅಲ್ಲಿಂದ ಕೂರ್ ಎಂಬ ಪೇಟೆ, ಅಲ್ಲಿ ಇಳಿದು ಬೆಟ್ಟ ಹತ್ತುವ ಸಣ್ಣ ಕೆಂಪು ರೈಲು. ಡ್ರೈವರಿನ ಪಕ್ಕ ಕೂತು ಯಾರೋ ತೆಗೆದ ವಿಡಿಯೋ ಸಿಕ್ಕಿತು. ಸುರಂಗ, ಸೇತುವೆ, ಮತ್ತೆ ಸುರಂಗ. ಮಂಜು ಮೆತ್ತಿದ ಒಂದು ಸಣ್ಣ ಸ್ಟೇಷನ್ನು ಬೋರ್ಡು ಓದುವಷ್ಟರಲ್ಲಿ ಹಿಂದೆ ಸರಿದುಹೋಯಿತು.

"ಅಯ್ಯೋ, ಅದೇ ವಾಲ್‌ದುರಾ ಅಲ್ವಾ? ನಿಲ್ಲಿಸ್ಲೇ ಇಲ್ಲ!" ಕ್ಯಾರೋಲಿನ್ ಎದ್ದೇ ಬಿಟ್ಟಳು.

ಜೆಫ್ರಿ ಓದಿ ತಿಳಿದುಕೊಂಡ. ಅಲ್ಲಿ ಇಳಿಯುವವರು ಬೋಗಿಯಲ್ಲಿರುವ ಗುಂಡಿ ಒತ್ತಬೇಕು. ಇಲ್ಲದಿದ್ದರೆ ರೈಲು ಮುಂದಕ್ಕೆ ಹೋಗುತ್ತದೆ.

"ಗುಂಡಿ ನಾನೇ ಒತ್ತುದು. ಕಿಟಕಿಯಲ್ಲಿ ಹೊರಗೆ ನೋಡ್ಲಿಕ್ಕೆ ಕೂತ್ರೆ ನಿಮ್ಗೆ ಬೇರೆ ಎಂತದೂ ನೆನಪಿರುದಿಲ್ಲ," ಎಂದಳು. ಇಬ್ಬರೂ ನಕ್ಕರು.

ರೂವಿಯ ಅಂಗಡಿಯಿಂದ ಅವಳು ಕುಚ್ಚಲಕ್ಕಿ ತಂದಿಟ್ಟಳು. ರೋಸಕ್ಕನಿಗೆ ಗಂಜಿ ಮಾಡಿ ಉಣ್ಣಿಸಬೇಕು. ಬಾಯಿಗೆ ಹೋದರೆ ಏನಾದರೂ ನೆನಪಾದೀತು.

ವೀಸಾ ಕೇಂದ್ರದ ಹುಡುಗಿ ಕಾಗದಗಳನ್ನು ತಿರುವಿ ಹಾಕಿ ಒಮಾನಿನ ರೆಸಿಡೆಂಟ್ ಕಾರ್ಡಿನ ಮೇಲೆ ಬೆರಳಿಟ್ಟಳು. ಅದರ ಅವಧಿ ಮುಗಿದಿತ್ತು. "ಇದು ಹೊಸದಾಗದೆ ನಾವು ಅರ್ಜಿ ತೆಗೆದುಕೊಳ್ಳುವ ಹಾಗಿಲ್ಲ ಸರ್."

ಕಾರ್ಡು ಹೊಸದು ಮಾಡಿಸಬೇಕಾದದ್ದು ಕಂಪನಿ. ಸರಕಾರಿ ಕಚೇರಿಗಳ ಕೆಲಸ ನೋಡಿಕೊಳ್ಳುತ್ತಿದ್ದ ಸಾಲಿಂ ಪ್ರತಿ ಸಲವೂ "ಬುಕ್ರಾ, ಇನ್ಶಾ ಅಲ್ಲಾ" ಅನ್ನುತ್ತಿದ್ದ. ಆ ನಾಳೆ ಬರಲೇ ಇಲ್ಲ. ಕೊನೆಗೆ ಒಂದು ದಿನ ಅವನು ಜೆಫ್ರಿಯನ್ನು ಹೊರಗೆ ಕರೆದು ನಿಜ ಹೇಳಿದ. ಮಾಲೀಕರ ಮಕ್ಕಳ ನಡುವೆ ಪಾಲಿನ ಜಗಳ ಕೋರ್ಟಿಗೆ ಹೋಗಿ ಕಂಪನಿಯ ಫೈಲು ತಡೆಹಿಡಿಯಲಾಗಿತ್ತು. ಯಾರ ಕಾರ್ಡೂ ಆಗುವಂತಿರಲಿಲ್ಲ.

ಜೆಫ್ರಿ ಶುಕ್ರವಾರ ಸೀಬ್‌ಗೆ ಹೋಗಿ ತನ್ನ ವೀಸಾಕ್ಕೆ ಹೊಣೆಯಾದ ಕಫೀಲ, ಕಂಪನಿಯ ಮುದುಕ ಮಾಲೀಕನ ಮನೆಯ ಗೇಟು ತಟ್ಟಿದ. ಮುದುಕ ಖರ್ಜೂರ, ಕಾಫಿ ಇಟ್ಟು ಕೂರಿಸಿ, ಎಲ್ಲವನ್ನೂ ಕೇಳಿಸಿಕೊಂಡ.

"ಜೆಫ್ರಿ, ನೀನು ನನ್ನ ಮಗನ ಹಾಗೆ," ಎಂದ ಹಿಂದಿಯಲ್ಲಿ. "ಆದರೆ ಈಗ ನನ್ನ ಸಹಿ ಎಲ್ಲಿಯೂ ನಡೆಯುವುದಿಲ್ಲ. ಮಕ್ಕಳು ನನ್ನನ್ನೂ ಖಲಾಸ್ ಮಾಡಿದ್ದಾರೆ."

ಬೈಯಲಿಕ್ಕೆಂದು ಹೋದವನು ಅವನ ಕೈ ಹಿಡಿದು ಸಮಾಧಾನ ಹೇಳಿ ಬಂದ.

ಹೀಗೆ ಚಳಿ ಕಳೆದು ಬಿಸಿಲು ಏರಿತು. ಒಂದು ಬೆಳಿಗ್ಗೆ ಸಿಸ್ಟರ್ ಮಾರ್ಥಾ ವಾಟ್ಸಾಪಿನಲ್ಲಿ ಒಂದು ಧ್ವನಿಮುದ್ರಣ ಕಳಿಸಿದರು. ಜೊತೆಗೆ ನಾಲ್ಕು ಸಾಲು. 'ರೋಸ್ ಈಗ ಸದಾ ಒಂದೇ ಪ್ರಾರ್ಥನೆ ಹೇಳುತ್ತಾರೆ. ಸಂಜೆ ನಾವೂ ಹಾಸಿಗೆಯ ಸುತ್ತ ಕೂತು ಅವರ ಜೊತೆ ಹೇಳಲು ಕಲಿತಿದ್ದೇವೆ. ಅವರಿಗೆ ಒಬ್ಬಂಟಿ ಅನ್ನಿಸಬಾರದಲ್ಲ. ಅದರ ಅರ್ಥ ತಿಳಿಸುತ್ತೀರಾ?'

ಜೆಫ್ರಿ ಗೋದಾಮಿನ ಸದ್ದಿನಿಂದ ದೂರ, ಲಾರಿಯ ಮರೆಗೆ ಹೋಗಿ ಕೇಳಿದ. ಮೊದಲು ಅಕ್ಕನ ದನಿ, ಒಣಗಿದ್ದು, ಏದುಸಿರಿನದು. "ಪಾಂಯ್ ದುಕ್ತಾ... ದುಕ್ತಾ... ದುಕ್ತಾ..." ಅದರ ಬೆನ್ನಿಗೆ ನಾಲ್ಕೈದು ಮುದುಕಿಯರ ಮೃದುವಾದ ದನಿ, ಚರ್ಚಿನಲ್ಲಿ ಹೇಳುವ ರಾಗದಲ್ಲಿ, "ದುಕ್ತಾ... ದುಕ್ತಾ..."

ಕಾಲು ನೋಯುತ್ತಿದೆ. ನೋಯುತ್ತಿದೆ. ನೋಯುತ್ತಿದೆ.

ಕಾದ ನೆಲದ ಮೇಲೆಯೇ ಕೂತು ಫೋನ್ ಮಾಡಿದ. "ಸಿಸ್ಟರ್, ಅದು ಪ್ರಾರ್ಥನೆ ಅಲ್ಲ. ಕಾಲು ನೋವು ಅನ್ನುತ್ತಿದ್ದಾಳೆ. ಅವಳ ಕಾಲು ನೋಡಿ. ದಯವಿಟ್ಟು ಈಗಲೇ ನೋಡಿ."

ಆ ಕಡೆಯಿಂದ ಸಿಸ್ಟರ್ ಅಳುವುದು ಕೇಳಿಸಿತು.

ಸೊಂಟದ ಕೀಲು ಮುರಿದಿತ್ತು. ಯಾವಾಗ ಬಿದ್ದಳೋ ಯಾರೂ ಕಂಡಿರಲಿಲ್ಲ. ತಾನೇ ಎದ್ದು ಹಾಸಿಗೆಗೆ ಹೇಗೆ ಹೋದಳೋ ಅದೂ ಗೊತ್ತಿಲ್ಲ. ವಾರಗಟ್ಟಲೆ ಹಳೆಯ ಮುರಿತ ಎಂದರು ಡಾಕ್ಟರು. ಅವಳ ಹೃದಯ ಆಪರೇಷನ್ ತಡೆಯುವ ಹಾಗಿರಲಿಲ್ಲ. ನೋವಿನ ಔಷಧ ಕೊಟ್ಟು ಮಲಗಿಸಿದರು.

"ನೀವು ಬೈಯಿರಿ ನಮ್ಮನ್ನು," ಎಂದರು ಸಿಸ್ಟರ್ ಮಾರ್ಥಾ.

ಜೆಫ್ರಿ ಬೈಯಲಿಲ್ಲ. ಅವರು ಕೈಹಿಡಿದು ಪಕ್ಕದಲ್ಲಾದರೂ ಕೂತಿದ್ದರು. ತಾನು?

"ಕೆಲಸ ಬಿಟ್ಟು ಊರಿಗೆ ಹೋಗುವಾ," ಎಂದಳು ಕ್ಯಾರೋಲಿನ್. "ಬೆಂಗಳೂರಿನಿಂದ ವೀಸಾಕ್ಕೆ ಹಾಕುವಾ. ಇಲ್ಲಿ ಕಾದು ಎಂತ ಉಂಟು?"

ಆದರೆ ಕೆಲಸ ಬಿಡಲಿಕ್ಕೂ ಕಂಪನಿ ಕಾರ್ಡು ರದ್ದು ಮಾಡಬೇಕಿತ್ತು, ಅದಕ್ಕೂ ಅದೇ ತಡೆ. ಜೆಫ್ರಿ ಲೇಬರ್ ಕಚೇರಿಗೆ ದೂರು ಕೊಟ್ಟು ವಿಚಾರಣೆಯ ತಾರೀಕಿಗಾಗಿ ಕಾದ.

ಆ ದಿನಗಳಲ್ಲಿ ಸಿಸ್ಟರ್ ಫೋನನ್ನು ಸ್ಪೀಕರಿಗೆ ಹಾಕಿ ರೋಸಕ್ಕನ ದಿಂಬಿನ ಮೇಲೆ ಇಟ್ಟರು. ಈಗ ಅವಳಿಗೆ ದೂಡುವಷ್ಟು ಶಕ್ತಿ ಇರಲಿಲ್ಲ. ಜೆಫ್ರಿ ಕೊಂಕಣಿಯಲ್ಲಿ ಕರೆದ.

"ಅಕ್ಕಾ. ಕೇಳ್ತದಾ?"

ಒಣಗಿದ ದನಿ ಬಂತು. "ಯಾರು?"

"ನಾನು ಅಕ್ಕಾ. ಜೆಫ್ರಿ."

"ಜೆಫ್ರಿ ಮಲಗಿದ್ದಾನೆ," ಎಂದಳು ರೋಸಕ್ಕ ಪಿಸುದನಿಯಲ್ಲಿ. "ಈಗಷ್ಟೇ ಕಣ್ಣು ಮುಚ್ಚಿದ್ದು. ಬೊಬ್ಬೆ ಹಾಕ್ಬೇಡಿ, ಎದ್ರೆ ಅಳ್ತಾನೆ. ಅಮ್ಮನಿಗೆ ಎತ್ತಿಕೊಳ್ಲಿಕ್ಕೆ ಆಗುದಿಲ್ಲ."

"ಕಾಲು ನೋವು ಉಂಟಾ ಅಕ್ಕಾ?"

"ಶ್..." ಎಂದಳು.

ಜೆಫ್ರಿ ಅಂಗೈಯಿಂದ ಬಾಯಿ ಮುಚ್ಚಿಕೊಂಡ. ಅವಳು ಸುಮ್ಮನಿರು ಎಂದಿದ್ದಳು. ಅವಳು ಉಸಿರಾಡುವ ಸದ್ದನ್ನು ಕೇಳುತ್ತ ಸುಮ್ಮನೆ ಕೂತ. ಕ್ಯಾರೋಲಿನ್ ಬಾಗಿಲಲ್ಲಿ ನಿಂತು ಸೆರಗಿಲ್ಲದ ನೈಟಿಯ ತೋಳಿನಿಂದಲೇ ಕಣ್ಣೊರೆಸಿಕೊಂಡಳು.

ಮರುದಿನವೂ ಕರೆದ, ಅದರ ಮರುದಿನವೂ. ಅವಳು ಮತ್ತೆ ಮಾತಾಡಲಿಲ್ಲ. ಆ ವಾರದ ಕೊನೆಗೆ ನ್ಯುಮೋನಿಯಾ ಹಿಡಿದು ರೋಸಕ್ಕ ತೀರಿಕೊಂಡಳು. ಲೇಬರ್ ಕಚೇರಿಯ ತಾರೀಕು ಇನ್ನೂ ಬಂದಿರಲಿಲ್ಲ.

ಅಂತ್ಯಕ್ರಿಯೆಯನ್ನು ಸಿಸ್ಟರುಗಳು ಫೋನಿನಲ್ಲೇ ತೋರಿಸಿದರು. ಸಣ್ಣ ಚರ್ಚು, ಮರದ ಬೆಂಚುಗಳು, ಹಿಂದೆ ಹಸಿರು ಇಳಿಜಾರು, ಅದರ ಮೇಲೆ ಇನ್ನೂ ಕರಗದ ಮಂಜು. ಪಾದ್ರಿ ಜರ್ಮನಿನಲ್ಲಿ ಬಹಳ ಹೊತ್ತು ಮಾತಾಡಿದರು. ನಡುವೆ ಒಮ್ಮೆ ಜನ ಮೆಲ್ಲಗೆ ನಕ್ಕರು, ರೋಸಕ್ಕನ ಯಾವುದೋ ತಮಾಷೆಯ ಕಥೆಯಿರಬೇಕು.

"ಎಂತ ಹೇಳಿದ್ರು?" ಕ್ಯಾರೋಲಿನ್ ಕೇಳಿದಳು.

"ಗೊತ್ತಾಗ್ಲಿಲ್ಲ."

ಮಣ್ಣು ಹಾಕುವಾಗ ಚಿತ್ರ ನಿಂತುಹೋಯಿತು. ಮತ್ತೆ ಬಂದಾಗ ಜನ ಚದುರುತ್ತಿದ್ದರು. ಸಿಸ್ಟರ್ ಮಾರ್ಥಾ ಮುಖ ಹತ್ತಿರ ತಂದು, ಕಾನ್ವೆಂಟಿನ ಕೋಣೆ ನಿಮಗಾಗಿ ಯಾವಾಗಲೂ ಇರುತ್ತದೆ, ಬನ್ನಿ ಎಂದರು. ಜೆಫ್ರಿ ಕೈ ಮುಗಿದ.

"ಕಾರ್ಡು ಆದ ಮೇಲೆ ಹೋಗುವಾ," ಎಂದಳು ಕ್ಯಾರೋಲಿನ್. "ಒಂದು ಮೇಣದಬತ್ತಿಯಾದ್ರೂ ಹಚ್ಚುವಾ."

"ಅವಳಿಗೆ ಬೇಕಾದಾಗ ಹೋಗ್ಲಿಕ್ಕಾಗ್ಲಿಲ್ಲ ಕ್ಯಾರೋಲಿನ್. ಇನ್ನು ಹೋಗಿ ಆ ಕಲ್ಲಿನ ಹತ್ರ ಎಂತ ಕೇಳುದು?"

ಜೆಫ್ರಿ ಫೋನನ್ನು ಚಾರ್ಜಿಗೆ ಹಾಕಿ, ಬೂಟು ಹಾಕಿಕೊಂಡು, ಗೋದಾಮಿನ ಬೀಗದ ಕೈ ತೆಗೆದುಕೊಂಡು ಮೆಟ್ಟಿಲಿಳಿದ. ಮಧ್ಯಾಹ್ನದ ಲೋಡು ಬರುವ ಹೊತ್ತಾಗಿತ್ತು. ಕಾರಿನೊಳಗೆ ಸ್ಟೀರಿಂಗು ಮುಟ್ಟಲಾಗದಷ್ಟು ಕಾದಿತ್ತು. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದು ಹಾಗೆಯೇ ಕೂತ.