ವಾಷಿಂಗ್ ಮಷಿನ್ ಹಿಂದೆ ಬಗ್ಗಿ ನೋಡಿದ್ದೀರಾ?

ಟೈಲರಕ್ಕನ ಮನೆಯಲ್ಲಿ ಒಂದು ತಿಂಗಳಿಂದ ಮುಗ್ಗಲು ವಾಸನೆ. ಅಡುಗೆಮನೆ ಪಕ್ಕದ ಪುಟ್ಟ ಕೋಣೆಯಲ್ಲಿ ವಾಷಿಂಗ್ ಮಷಿನ್. ಆ ಕೋಣೆಯ ಗೋಡೆಯ ಈಚೆಗೆ ಅಕ್ಕ ಹೊಲಿಯೋಕೆ ಬಂದ ಬಟ್ಟೆ ಜೋಡಿಸಿಡುತ್ತಾಳೆ. ಒಂದು ಬೆಳಿಗ್ಗೆ ತಳದಲ್ಲಿದ್ದ ಬಿಳಿ ಬಟ್ಟೆ ಎಳೆದು ನೋಡಿದರೆ, ಅಂಚಿನುದ್ದಕ್ಕೂ ಕಪ್ಪು ಚುಕ್ಕೆ!

"ಹವಾ ಸರಿಯಿಲ್ಲ, ಬಿಡು," ಅಂದ ಗಂಡ. ಅವನು ಬಸ್ ಡ್ರೈವರ್. ಬಸ್ಸಿನಲ್ಲಿ ಸಣ್ಣ ಸದ್ದಾದರೂ ಇಳಿದು ನೋಡುವವನು, ಮನೆ ವಿಷಯಕ್ಕೆ ಮಾತ್ರ ಜಾಣಕಿವುಡ.

ಕೆಳಗಿನ ಮನೆಯಲ್ಲಿ ನರ್ಸಮ್ಮ ಮತ್ತು ಅವರ ತಾಯಿ. ತಾಯಿಗೆ ಸೊಂಟದ ಆಪರೇಷನ್ ಆಗಿ ಹದಿನೈದು ದಿನ. ತಾನಾಗಿ ಮಗ್ಗುಲು ಬದಲಿಸೋಕೂ ಆಗದು. ಅವತ್ತು ಅವರ ಮನೆಗೆ ಪ್ಲಂಬರ್ ಬಂದಿದ್ದರು. ರಿಪೇರಿಗಿಂತ ಪಾಠವೇ ಹೆಚ್ಚು ಅಂತ ಎಲ್ಲರೂ ಅವರನ್ನು 'ನಲ್ಲಿ ಮೇಷ್ಟ್ರು' ಅಂತಾರೆ. ಅಜ್ಜಿಯನ್ನು ಮಾತಾಡಿಸೋಕೆ ಕೋಣೆಗೆ ಹೋದವರು ತಲೆ ಎತ್ತಿದರು. ದಿಂಬಿನ ನೇರಕ್ಕೆ, ಚಾವಣಿಯಲ್ಲಿ ತಟ್ಟೆಯಗಲ ಹಳದಿ ಕಲೆ. ಗಾರೆ ಉಬ್ಬಿತ್ತು.

"ಅಜ್ಜೀ, ಮಂಚ ಆ ಕಡೆ ಗೋಡೆಗೆ ಸರಿಸ್ತೀವಿ."

"ಕಿಟಕಿ ದೂರ ಆಗುತ್ತಲ್ಲಪ್ಪಾ!"

"ನಾಲ್ಕು ದಿನ ನನ್ನ ಬೈಕೊಂಡಿರಿ, ಪರವಾಗಿಲ್ಲ."

ನರ್ಸಮ್ಮನೂ ಅವರೂ ಸೇರಿ, ಅಜ್ಜಿ ಅಲುಗದ ಹಾಗೆ ಮಂಚ ಸರಿಸಿದರು. ಆಮೇಲೆ ಮೇಷ್ಟ್ರು ಮೆಟ್ಟಿಲು ಹತ್ತಿ ಟೈಲರಕ್ಕನ ಬಾಗಿಲು ತಟ್ಟಿದರು.

ಮೊದಲು ಮಷಿನ್ ಪ್ಲಗ್ ಕಿತ್ತರು, ಆಮೇಲೆ ಮಷಿನ್ನನ್ನು ಮುಂದೆ ಎಳೆದರು. ನಲ್ಲಿಯಿಂದ ಬರುವ ಪೈಪು ಗೋಡೆಗೆ ಒತ್ತಿಕೊಂಡು, ಮಡಿಕೆ ಬಿದ್ದು ಉಬ್ಬಿತ್ತು. ಪೈಪು ಕೂಡುವ ಕಡೆ ಹನಿ ಹನಿ ಜಿನುಗು. ನೀರು ಹೋಗುವ ನೆಲದ ಜಾಲರಿ ತುಂಬ ನೂಲು, ನಾರು.

"ಇದೇನಕ್ಕಾ, ಜಾಲರಿಗೂ ಸ್ವೆಟರ್ ಹೆಣೆದಿದ್ದೀಯ?" ಅಂದರು ಮೇಷ್ಟ್ರು. ಅಕ್ಕನಿಗೆ ನಗುವೂ ಬಂತು, ನಾಚಿಕೆಯೂ ಆಯಿತು.

ಡ್ರೈವರ್ ಮಾತ್ರ ನಗಲಿಲ್ಲ. "ಎಂಟು ವರ್ಷದಿಂದ ಇದೇ ಪೈಪು. ಏನಾಯ್ತು? ಒಂದು ಹನಿಗೆ ಇಷ್ಟೊಂದು ರಾದ್ಧಾಂತವಾ?"

"ಒಂದೇ ಹನಿ ಅಲ್ಲಪ್ಪ, ಹಗಲೂ ರಾತ್ರಿ ಬೀಳೋ ಹನಿ. ಜಾಲರಿ ಕಟ್ಟಿಕೊಂಡಿದೆ, ನೀರು ಎಲ್ಲಿಗೆ ಹೋಗಬೇಕು? ಗೋಡೆಗೆ, ನೆಲದೊಳಕ್ಕೆ, ಕೆಳಗಿನವರ ತಲೆ ಮೇಲಕ್ಕೆ. ನಿನ್ನ ಬಸ್ಸಿನ ಟೈರು ಹೀಗೆ ಉಬ್ಬಿದ್ದರೆ ಓಡಿಸ್ತಿದ್ಯಾ?"

"ಆಯ್ತು, ಮುಂದಿನ ತಿಂಗಳು ನೋಡೋಣ," ಅಂತ ಡ್ರೈವರ್ ಡ್ಯೂಟಿಗೆ ಹೊರಟ.

ಅಕ್ಕ ಕಾಯಲಿಲ್ಲ. ಆಗಲೇ ನಲ್ಲಿ ತಿರುಗಿಸಿ ಬಂದ್ ಮಾಡಿದಳು. ಜಾಲರಿ ಎತ್ತಿ ತೊಳೆದಳು. ನೆಲದ ಮೇಲಿದ್ದ ಕರೆಂಟಿನ ಎಕ್ಸ್‌ಟೆನ್ಷನ್ ಬಾಕ್ಸನ್ನು ಅಲ್ಲಿಂದ ತೆಗೆದೇಬಿಟ್ಟಳು.

ಮೂರನೇ ದಿನ ಮಧ್ಯಾಹ್ನ ಕೆಳಗಿನಿಂದ ಧಡ್ ಅಂತ ಸದ್ದು. ಗಂಡ ಹೆಂಡತಿ ಇಬ್ಬರೂ ಬಿದ್ದಂಬೀಳ ಓಡಿದರು. ಕೋಣೆ ತುಂಬ ಧೂಳು. ಮೊನ್ನೆವರೆಗೆ ಅಜ್ಜಿಯ ದಿಂಬಿದ್ದ ಜಾಗದಲ್ಲಿ ಮೊರದಗಲ ಗಾರೆ ಒಡೆದು ಬಿದ್ದಿತ್ತು. ಆ ಕಡೆ ಗೋಡೆಯ ಪಕ್ಕ ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಕೆಮ್ಮುತ್ತಿದ್ದರು. ಮೈಗೆ ಒಂದು ಚೂರೂ ತಾಗಿರಲಿಲ್ಲ.

ಡ್ರೈವರ್ ಗಾರೆಯ ತುಂಡು ಎತ್ತಿದ. ಇನ್ನೂ ಒದ್ದೆ. ಮಂಚದ ಬಳಿ ಕುಕ್ಕರುಗಾಲಲ್ಲಿ ಕೂತ.

"ತಪ್ಪಾಯ್ತು ಅಜ್ಜಿ. ನನ್ನ ಉದಾಸೀನ ಇದು. ಈ ಚಾವಣಿ ನಾನೇ ನಿಂತು ಸರಿ ಮಾಡಿಸ್ತೀನಿ."

ಅಜ್ಜಿ ಅವನ ತಲೆ ಸವರಿದರು. "ನಾನು ಇದ್ದೀನಲ್ಲಪ್ಪ, ಅಷ್ಟು ಸಾಕು. ಆ ಮೇಷ್ಟ್ರನ್ನ ಕರೀರಿ. ಮೂರು ದಿನದಿಂದ ಬೈದಿದ್ದೀನಿ, ಇವತ್ತು ಹರಸಬೇಕು."

ಸಂಜೆಯೊಳಗೆ ಮೇಷ್ಟ್ರು ಬಂದು ಹೊಸ ಪೈಪು ಹಾಕಿದರು. ಹಿಂದೆ ಒಂದು ಗೇಣು ಜಾಗ ಬಿಟ್ಟು ಮಷಿನ್ ನಿಲ್ಲಿಸಿದರು. ಮೇಷ್ಟ್ರ ಅಂಗಿಯ ಜೇಬು ಸ್ಪ್ಯಾನರಿನ ಭಾರಕ್ಕೆ ಹರಿದಿದ್ದನ್ನು ಅಕ್ಕ ನೋಡಿದ್ದಳು. ದಪ್ಪ ಬಟ್ಟೆಯಲ್ಲಿ ಆರು ಜೇಬಿನ ಚೀಲ ಹೊಲಿದು ಅವರ ಸೊಂಟಕ್ಕೆ ತಾನೇ ಕಟ್ಟಿದಳು. ಊರಿಗೆಲ್ಲ ಪಾಠ ಹೇಳುವ ಮೇಷ್ಟ್ರು ಸ್ಪ್ಯಾನರನ್ನು ಒಂದೊಂದೇ ಜೇಬಿಗೆ ಹಾಕಿ ನೋಡುತ್ತಾ ನಿಂತರು.

ಓದುತ್ತಿರುವ ಅಕ್ಕ, ಅಣ್ಣಂದಿರೇ, ಬಟ್ಟೆ ಒಗೆದಾದ ಮೇಲೆ ಮಷಿನ್ನಿನ ನಲ್ಲಿ ನಿಲ್ಲಿಸಿ. ವಾರಕ್ಕೊಮ್ಮೆ ಜಾಲರಿ ಎತ್ತಿ ತೊಳೆಯಿರಿ. ಪೈಪು ಉಬ್ಬಿದ್ದರೆ, ಬಿರುಕು ಬಿಟ್ಟಿದ್ದರೆ ಅವತ್ತೇ ಬದಲಿಸಿ. ಚೆನ್ನಾಗಿ ಕಂಡರೂ ಐದು ವರ್ಷಕ್ಕಿಂತ ಹೆಚ್ಚು ನಂಬಬೇಡಿ. ಮಷಿನ್ ಓಡುವಾಗ ಮನೆಗೆ ಬೀಗ ಹಾಕಿ ಹೋಗಬೇಡಿ. ನೆಲದಲ್ಲಿ ನೀರು ನಿಂತಿದ್ದರೆ ಕಾಲಿಡುವ ಮೊದಲು ಮೇನ್ ಸ್ವಿಚ್ ಆಫ್ ಮಾಡಿ. ಮತ್ತೆ, ನಿಮ್ಮ ನೆಲವೇ ಇನ್ನೊಬ್ಬರ ಚಾವಣಿ ಆಗಿದ್ದರೆ, ಇವತ್ತೇ ಕೆಳಗಿಳಿದು ಒಮ್ಮೆ ಕೇಳಿ: "ನಮ್ಮಿಂದ ನಿಮ್ಮ ಮನೆಗೆ ನೀರೇನಾದರೂ ಇಳೀತಿದೆಯಾ?"