ಹೆಸರಿದ್ದ ಸಾಲು

"ಅನುಮತಿ ಇಲ್ಲ" ಎಂದು ಲ್ಯಾಪ್‌ಟಾಪು ಮೂರನೇ ಸಲ ತೋರಿಸಿದಾಗ ಅಣ್ಣನ ಗೆಳೆಯ ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿಕೊಂಡ. ಪಕ್ಕದಲ್ಲಿ ತಂಗಿ ಕೂತಿದ್ದಳು. ಹೊಲಿಗೆ ಅಂಗಡಿಯಿಂದ ನೇರ ಬಂದವಳ ಬೆರಳಿಗೆ ಇನ್ನೂ ಸೀಮೆಸುಣ್ಣ ಅಂಟಿತ್ತು.

ಮಂಚದಿಂದ ಅಮ್ಮ ನೋಡುತ್ತಿದ್ದಳು. ಲಕ್ವ ಹೊಡೆದು ಮಾತು ನಿಂತ ಮೇಲೆ ಅವಳಿಗೆ ಆಡಿಸಲು ಉಳಿದದ್ದು ಬಲಗೈ ಹೆಬ್ಬೆರಳೊಂದೇ. ಅದಕ್ಕೆಂದೇ ಅಣ್ಣ ದೊಡ್ಡದೊಂದು ಕೆಂಪು ಬಟನ್ ಮಾಡಿಕೊಟ್ಟಿದ್ದ. ಪರದೆಯ ಮೇಲೆ ಅಕ್ಷರಗಳು ಒಂದೊಂದಾಗಿ ಬೆಳಗುತ್ತವೆ, ಬೇಕಾದದ್ದು ಬಂದಾಗ ಅಮ್ಮ ಒತ್ತುತ್ತಾಳೆ, ಲ್ಯಾಪ್‌ಟಾಪು ಓದಿ ಹೇಳುತ್ತದೆ.

ಎಂಟು ದಿನದ ಹಿಂದೆ ಅಣ್ಣನ ಸ್ಕೂಟರಿಗೆ ಲಾರಿ ಗುದ್ದಿತು, ಅವನು ಉಳಿಯಲಿಲ್ಲ. ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದಾನೆ ಎಂದು ತಂಗಿ ಅಮ್ಮನಿಗೆ ಹೇಳಿದಳು. ಅವನ ಪಾಸ್‌ವರ್ಡು ಯಾರಿಗೂ ಗೊತ್ತಿರಲಿಲ್ಲ. ಅಂದಿನಿಂದ ಅಮ್ಮನಿಗೆ ಮಾತಿಲ್ಲ, ಹಾಗಾಗಿ ಪ್ರಶ್ನೆಯೂ ಇಲ್ಲ. ಅದು ತಂಗಿಗೆ ಅನುಕೂಲವೇ ಆಗಿತ್ತು. ಹಾಗನ್ನಿಸಿದ್ದಕ್ಕೆ ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಅಳುವೂ ಬಂದಿರಲಿಲ್ಲ.

ನಿನ್ನೆ ಗೆಳೆಯ ಹೇಗೋ ಒಳದಾರಿ ಹಿಡಿದು ಅವಳ ಹೆಸರಲ್ಲಿ ಹೊಸ ಖಾತೆ ಮಾಡಿಕೊಟ್ಟಿದ್ದ. ಪರದೆ ತೆರೆದುಕೊಂಡಿತು, ಬಟನ್ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

"ಸಿಕ್ತು ನೋಡಮ್ಮ," ಎಂದ ಗೆಳೆಯ ಪಿಸುದನಿಯಲ್ಲಿ. "ಬಟನ್ ಯಾರ ಮಾತು ಕೇಳ್ಬೇಕು ಅಂತ ಈ ಸಾಲಲ್ಲಿದೆ. ಮನೆಯವರಿಗೆಲ್ಲ ಕೊಡ್ಬೋದಿತ್ತು. ಈ ಮಹಾನುಭಾವ ತನ್ನೊಬ್ಬನ ಹೆಸರೇ ಬರ್ಕೊಂಡಿದ್ದಾನೆ. ಬೇರೆಯವರು ಹಿಂಗ್ ಮಾಡಿದ್ರೆ ತನ್ನ ಕಂಪ್ಯೂಟರ್ ರಿಪೇರಿ ಅಂಗಡೀಲಿ ಕೂತು ಬೈತಿದ್ದ."

"ಮೆಲ್ಲಗೆ," ಎಂದಳು ತಂಗಿ, ಮಂಚದತ್ತ ಕಣ್ಣು ಹಾಯಿಸಿ. "ಈಗೇನ್ ಮಾಡ್ಬೇಕು?"

"ಅದನ್ನ ಅಳಿಸಿ ನಿನ್ನ ಹೆಸರು ಹಾಕು."

"ನೀವೇ ಹಾಕಿ."

"ನನ್ನ ಕೈಲಿ ಆಗಲ್ಲ." ಅವನು ಕಿಟಕಿಯ ಕಡೆ ತಿರುಗಿಬಿಟ್ಟ.

ತಂಗಿ ಅಳಿಸುವ ಕೀಲಿ ಒತ್ತಿದಳು. ಅಣ್ಣನ ಹೆಸರು ಕೊನೆಯ ಅಕ್ಷರದಿಂದ ಒಂದೊಂದಾಗಿ ಹೋಯಿತು. ಹಳೆಯ ಪ್ಯಾಂಟಿನ ಹೊಲಿಗೆ ಬಿಚ್ಚಿದಷ್ಟೇ ಸಲೀಸು. ಖಾಲಿ ಜಾಗದಲ್ಲಿ ತನ್ನ ಹೆಸರು ಬರೆದಳು. ಗೆಳೆಯ ಹೇಳಿದಂತೆ ಬಟನ್ನಿನ ವೈರು ಕಿತ್ತು ಮತ್ತೆ ಸಿಕ್ಕಿಸಿದಳು. ಹಸಿರು ದೀಪ ಹತ್ತಿತು.

ಬಟನ್ನನ್ನು ಅಮ್ಮನ ಹೆಬ್ಬೆರಳ ಕೆಳಗಿಟ್ಟಳು. ಅಮ್ಮ ಮೊದಲು ಏನು ಕೇಳುತ್ತಾಳೆಂದು ಗೊತ್ತಿತ್ತು. ಉತ್ತರ ದಾರಿಯಲ್ಲೇ ಹೊಂದಿಸಿಕೊಂಡು ಬಂದಿದ್ದಳು.

"ಅಣ್ಣ ಫೋನ್ ಮಾಡಿದ್ದ ಅಮ್ಮ. ಇನ್ನೊಂದು ವಾರ ಆಗುತ್ತಂತೆ."

ಅಮ್ಮ ಅವಳ ಮುಖವನ್ನೊಮ್ಮೆ ನೋಡಿ ಪರದೆಗೆ ಕಣ್ಣು ತಿರುಗಿಸಿದಳು. ಅಕ್ಷರಗಳು ಬೆಳಗುತ್ತಾ ಸಾಗಿದವು. ಹೆಬ್ಬೆರಳು ಒತ್ತಿತು, ಕಾಯಿತು, ಮತ್ತೆ ಒತ್ತಿತು. ಬಹಳ ಹೊತ್ತು ಹಿಡಿಯಿತು.

"ಗೊತ್ತು," ಎಂದಿತು ಲ್ಯಾಪ್‌ಟಾಪು, ಏರಿಳಿತವಿಲ್ಲದ ದನಿಯಲ್ಲಿ.

ಗೆಳೆಯ ಕಿಟಕಿಯಿಂದ ತಿರುಗಲಿಲ್ಲ. ಅಳಿಸುವ ಕೀಲಿಯ ಮೇಲೆ ಸೀಮೆಸುಣ್ಣದ ಬಿಳಿ ಗುರುತು ಬಿದ್ದಿತ್ತು. ತಂಗಿ ಅದನ್ನು ಅಂಗಿಯ ತೋಳಿನಿಂದ ಒರೆಸತೊಡಗಿದಳು. ಅದು ಹೋದ ಮೇಲೂ ಒರೆಸುತ್ತಲೇ ಇದ್ದಳು.